ಮುದಿ ಮರಸೇಬನ್ನು ಐದು ನಾಟಿ ಮರಗಳಿಗೆ ದಾಟಿಸಿದ ಕೆಲಸ: ಕೋಟಗಿರಿ, 2022ರಿಂದ 2025

ನೀಲಗಿರಿಯ ಕೋಟಗಿರಿಯ ಹತ್ತಿರ ನನ್ನ ಮಾವನವರು 1987ರಲ್ಲಿ ಕೊಂಡ 45 ಸೆಂಟು ಇಳಿಜಾರಿನಲ್ಲಿ ಒಂಬತ್ತು ಮರಸೇಬಿನ ಮರಗಳಿದ್ದವು. ಇಲ್ಲಿಯ ಸಂತೆಯಲ್ಲಿ ಇದಕ್ಕೆ ತಮಿಳಿನ ಪೇರಿಕಾಯಿ ಎಂಬ ಹೆಸರೇ ನಡೆಯುತ್ತದೆ. ಮೈಸೂರಿನಲ್ಲಿ ಬೆಳೆದ ನನಗೆ ಅದು ಶಾಲೆಯ ಗೇಟಿನ ಮುಂದಿನ ತಳ್ಳುಗಾಡಿಯಲ್ಲಿ ಉಪ್ಪು ಖಾರ ಸವರಿ ಕೊಡುತ್ತಿದ್ದ ಮರಸೇಬು. ಒಂಬತ್ತರಲ್ಲಿ ಎಂಟು ಅದೇ ನಾಟಿ ಜಾತಿಯವು. ಹಣ್ಣು ದುಂಡಗೆ, ಕಂದು ಸಿಪ್ಪೆ, ಕಚ್ಚಿದರೆ ಗಟ್ಟಿ, ಹಲ್ಲಿಗೆ ಮರಳು ಸಿಕ್ಕಂತೆ. ಒಂಬತ್ತನೆಯದು ಬೇರೆ. ಅದರ ಹಣ್ಣು ಉದ್ದ ಕತ್ತಿನದು, 11ರಿಂದ 12 ಸೆಂಟಿಮೀಟರು ಉದ್ದ, ಕಿತ್ತು ಮನೆಯೊಳಗೆ ಇಟ್ಟರೆ ಆರೇಳು ದಿನಕ್ಕೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಆ ಮರ ಸಾಯುತ್ತಿತ್ತು. ಅದರ ಕಡ್ಡಿಗಳನ್ನು ನಾಟಿ ಮರಗಳ ಮೇಲೆ ಕಸಿ ಮಾಡಿ ಉಳಿಸಿಕೊಳ್ಳಲು ಮೂರು ಚಳಿಗಾಲ ಹಿಡಿದ ಕೆಲಸದ ದಾಖಲೆ ಇದು. ಮೊದಲ ವರ್ಷದ ತಪ್ಪುಗಳನ್ನು ಹೆಚ್ಚು ವಿವರವಾಗಿ ಬರೆದಿದ್ದೇನೆ, ಏಕೆಂದರೆ ಒಂದು ಮರ ಹೋದದ್ದು ಆ ತಪ್ಪುಗಳಿಂದ.

2022 ನವೆಂಬರ್ 27: ಮರಗಳ ಲೆಕ್ಕ

ಮರಗಳಿಗೆ ಸುಣ್ಣದಲ್ಲಿ ಅಂಕಿ ಬರೆದೆ. ಉದ್ದ ಕತ್ತಿನ ಹಣ್ಣಿನ ತಾಯಿಮರ 1. ನಾಟಿ ಮರಗಳು 2ರಿಂದ 9. ತಾಯಿಮರದ ಕಾಂಡದ ಸುತ್ತಳತೆ ಎದೆಯ ಎತ್ತರದಲ್ಲಿ 148 ಸೆಂಟಿಮೀಟರು. ಪಶ್ಚಿಮದ ಕಡೆ ನೆಲದಿಂದ 1.2 ಮೀಟರಿನವರೆಗೆ ತೊಗಟೆ ಬಿರಿದು ಬಿದ್ದುಹೋಗಿತ್ತು; ಒಳಗಿನ ಮರ ಉಳಿಯ ತುದಿ ತಾಗಿಸಿದರೆ ಪುಡಿಯಾಗಿ ಉದುರುತ್ತಿತ್ತು. ಐದು ದೊಡ್ಡ ಕೊಂಬೆಗಳಲ್ಲಿ ಎರಡು ಒಣಗಿದ್ದವು. ಆ ವರ್ಷ ಮರ ಕೊಟ್ಟದ್ದು ಸುಮಾರು ಮೂವತ್ತು ಹಣ್ಣು.

ಈ ಜಾತಿಯ ಹೆಸರು ಹಟ್ಟಿಯ ಹಿರಿಯರಿಗೂ ತಿಳಿದಿಲ್ಲ. 1819ರಲ್ಲಿ ಈ ಬೆಟ್ಟ ಹತ್ತಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕೋಟಗಿರಿಯ ಬಳಿಯ ಕನ್ನೇರಿಮುಕ್ಕಿನಲ್ಲಿ ಬಂಗಲೆ ಕಟ್ಟಿಸಿಕೊಂಡ ಮೇಲೆ ಯುರೋಪಿನ ಹಣ್ಣು ತರಕಾರಿಗಳು ಒಂದೊಂದಾಗಿ ಈ ಬೆಟ್ಟಕ್ಕೆ ಬಂದವು. ಹಾಗೆ ಬಂದ ಯಾವುದೋ ಮರದ ಕಡ್ಡಿ ಕೈಯಿಂದ ಕೈಗೆ ದಾಟಿ ಈ ಇಳಿಜಾರಿಗೆ ಬಂದಿರಬೇಕು. ಬೀಜ ಬಿತ್ತಿದರೆ ಮರಸೇಬು ತಾಯಿಯ ಗುಣವನ್ನು ಹಾಗೆಯೇ ಕೊಡುವುದಿಲ್ಲ. ಆದ್ದರಿಂದ ಕಸಿಯೊಂದೇ ದಾರಿಯಾಗಿತ್ತು.

ಎಂಟು ನಾಟಿ ಮರಗಳ ಬೇರು, ಕಾಂಡ ಗಟ್ಟಿಯಾಗಿದ್ದವು. ಸುತ್ತಮುತ್ತ ಚಹಾ ಹಬ್ಬಿದಂತೆ ಇಂಥ ಮರಗಳನ್ನು ಸೌದೆಗೆ ಕಡಿದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಡಿದು ಹೊಸ ಸಸಿ ನೆಡುವುದಕ್ಕಿಂತ, ಇದ್ದ ಬೇರಿನ ಬಲವನ್ನೇ ಒಳ್ಳೆಯ ಹಣ್ಣಿಗೆ ತಿರುಗಿಸುವುದು ಸರಿ ಎಂಬ ನಂಬಿಕೆಯಿಂದ ಕೆಲಸಕ್ಕೆ ಇಳಿದೆ.

2023 ಜನವರಿ 8: ಮೊದಲ ಪ್ರಯತ್ನ

ಇಲ್ಲಿ ಮರಸೇಬು ವರ್ಷದ ಕೊನೆಗೆ ಎಲೆ ಉದುರಿಸಿ ಮಲಗುತ್ತದೆ; ಡಿಸೆಂಬರ್ ಮತ್ತು ಜನವರಿ ಕೊಂಬೆ ಸವರುವ ಕಾಲ. ನೀಲಗಿರಿಯ ಬಡಗ ಸಮುದಾಯದವರ ಹೆತ್ತೆ ಹಬ್ಬದ ದಿನಗಳಾದ್ದರಿಂದ ಹಟ್ಟಿಯಲ್ಲಿ ಕೆಲಸಕ್ಕೆ ಯಾರೂ ಸಿಗಲಿಲ್ಲ. ಕಾಯದೆ ನಾನೇ ಏಣಿ ಹತ್ತಿದೆ. ಅವಸರ ಅಲ್ಲಿಂದಲೇ ಶುರುವಾಯಿತು.

2 ಮತ್ತು 3ನೆಯ ಮರಗಳ ಎಲ್ಲ ಕೊಂಬೆಗಳನ್ನು ಒಂದೇ ದಿನ ಕಡಿದೆ. ಮರ 2ರಲ್ಲಿ ನಾಲ್ಕು ಮೋಟು, ಮರ 3ರಲ್ಲಿ ಮೂರು. ಪ್ರತಿ ಮೋಟಿನ ನಡುವೆ ಮಚ್ಚು ಇಟ್ಟು ಕೊಡತಿಯಿಂದ ಬಡಿದು ಸೀಳಿ, ಸೀಳಿನ ಎರಡೂ ತುದಿಗೆ ಬೆಣೆಯಂತೆ ಹೆರೆದ ಒಂದೊಂದು ಕಡ್ಡಿ ಸಿಕ್ಕಿಸಿ, ಮೇಲೆ ಕೆಂಪು ಮಣ್ಣು ಮತ್ತು ಸಗಣಿ ಕಲಸಿ ಮೆತ್ತಿ, ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪು ಸುತ್ತಿದೆ. ಒಟ್ಟು ಹದಿನಾಲ್ಕು ಕಡ್ಡಿ.

ಮಾರ್ಚ್ ಕೊನೆಗೆ ಜೀವ ಹಿಡಿದವು ಎರಡು. ಎರಡೂ ಮರ 2ರಲ್ಲಿ. ಮರ 3ರಲ್ಲಿ ಒಂದೂ ಇಲ್ಲ.

ಸತ್ತ ಹನ್ನೆರಡನ್ನೂ ಬಿಚ್ಚಿ, ಸೀಳಿ, ಕಿಟಕಿಯ ಬೆಳಕಿನಲ್ಲಿ ಇಟ್ಟು ನೋಡಿದೆ. ಜೀವ ಹಿಡಿದ ಕಡ್ಡಿಯಲ್ಲಿ ತೊಗಟೆಗೂ ಮರಕ್ಕೂ ನಡುವಿನ ತೆಳುವಾದ ಹಸಿರು ಪದರ ಮೋಟಿನ ಹಸಿರು ಪದರಕ್ಕೆ ತಾಗಿರಬೇಕು, ತಾಗಿದ ಕಡೆ ಬೆಳ್ಳಗೆ ಮಾಂಸ ಕಟ್ಟಿದಂತೆ ಬೆಸೆದಿರಬೇಕು. ನನ್ನ ಹನ್ನೆರಡರಲ್ಲಿ ಏಳು ಕಡ್ಡಿಗಳನ್ನು ಮೋಟಿನ ಹೊರ ಅಂಚಿಗೆ ಸಮನಾಗಿ ಇಟ್ಟಿದ್ದೆ. ಆದರೆ ಹಳೆಯ ಮೋಟಿನ ತೊಗಟೆ 6 ಮಿಲಿಮೀಟರು ದಪ್ಪ, ಎಳೆಯ ಕಡ್ಡಿಯದು 1 ಮಿಲಿಮೀಟರು. ಹೊರಗೆ ಸಮವಾಗಿ ಕಂಡದ್ದು ಒಳಗೆ 5 ಮಿಲಿಮೀಟರು ತಪ್ಪಿತ್ತು. ಬೆರಳಿಗೆ ಸಿಗುವ ಹೊರ ಅಂಚನ್ನು ಲೆಕ್ಕಕ್ಕೆ ಹಿಡಿಯದೆ ಕಣ್ಣಿಗೆ ಕಾಣುವ ಹಸಿರು ಗೆರೆಯನ್ನೇ ಹಿಡಿಯಬೇಕು ಎಂಬುದನ್ನು ಆ ಹೊತ್ತು ಕಲಿತೆ.

ಉಳಿದ ಐದರ ಮೊಗ್ಗುಗಳು ಒಳಗಿನಿಂದಲೇ ಕಪ್ಪಾಗಿದ್ದವು. ಕಡ್ಡಿಗಳನ್ನು ಕಸಿಗೆ ಹತ್ತು ದಿನ ಮೊದಲು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿ ಸೇಬು ಹಣ್ಣಿನ ಜೊತೆ ಇಟ್ಟಿದ್ದೆ. ಮಾಗುವ ಹಣ್ಣು ಬಿಡುವ ಅನಿಲ ಮಲಗಿರುವ ಮೊಗ್ಗನ್ನು ಕೊಲ್ಲುತ್ತದೆ. ಕಡ್ಡಿ ಇರುವ ಫ್ರಿಜ್ಜಿನಲ್ಲಿ ಯಾವ ಹಣ್ಣೂ ಇರಕೂಡದು.

ಇನ್ನೆರಡು ತಪ್ಪುಗಳು ಮರದ ಮೇಲೆಯೇ ಆದವು. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಗೀಟಿಗೆ ಕೊಯ್ದಾಗ ಅದು ತನ್ನ ಭಾರಕ್ಕೆ ಬಾಗಿ, ಮರ 3ರ ಕಾಂಡದ ತೊಗಟೆಯನ್ನು 40 ಸೆಂಟಿಮೀಟರು ಕೆಳಗಿನವರೆಗೆ ಸುಲಿದುಕೊಂಡು ಬಿತ್ತು. ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ದು, ಆಮೇಲೆ ಅದಕ್ಕಿಂತ ಒಂದು ಗೇಣು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಬೇಕಾದ ಜಾಗದಲ್ಲಿ ನೀಟಾಗಿ ಕೊಯ್ಯಬೇಕಿತ್ತು. ಇನ್ನೊಂದು ಇದಕ್ಕಿಂತ ದೊಡ್ಡದು. ಒಂದೂ ಕೊಂಬೆ ಉಳಿಸದೆ ಕಡಿದದ್ದರಿಂದ ಮರಕ್ಕೆ ಎಲೆಯೇ ಇಲ್ಲವಾಯಿತು. ನೆರಳಿನಲ್ಲಿ ಬೆಳೆದಿದ್ದ ಕಾಂಡಕ್ಕೆ ಫೆಬ್ರವರಿ ಮಾರ್ಚಿನ ಬಿಸಿಲು ನೇರವಾಗಿ ಹೊಡೆದು ತೊಗಟೆ ಉಬ್ಬಿ ಬಿರಿಯಿತು.

ಏಪ್ರಿಲಿನಲ್ಲಿ ನೆರೆಯ ಹಟ್ಟಿಯ ಹಿರಿಯರೊಬ್ಬರು ಬಂದು ನೋಡಿದರು. ಎಳವೆಯಲ್ಲಿ ತೋಟಗಳಲ್ಲಿ ಕಸಿ ಕಟ್ಟಿದ ಕೈ ಅವರದು. ಅವರ ಬಡಗ ಮಾತು ನನ್ನ ಕನ್ನಡಕ್ಕೆ ಹತ್ತಿರದ್ದಾದ್ದರಿಂದ ನಮ್ಮಿಬ್ಬರ ನಡುವೆ ಮಾತು ಎಂದೂ ತೊಡಕಾಗಿಲ್ಲ. ಕಾಂಡದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲವನ್ನೂ ಕಡಿದುಬಿಟ್ಟಿರಲ್ಲ, ಈ ಮರ ಇನ್ನು ಉಣ್ಣುವುದು ಯಾವುದರಿಂದ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮರ 3 ಆಗಸ್ಟಿನ ಹೊತ್ತಿಗೆ ಪೂರ್ತಿ ಒಣಗಿತು. ಆ ಜಾಗಕ್ಕೆಂದು ಒಂದು ನರ್ಸರಿಯಿಂದ ತಲಾ 250 ರೂಪಾಯಿಗೆ ಮೂರು ಸಸಿ ತಂದು ನೆಟ್ಟೆ. ಎರಡು ಒಣಗಿದವು, ಮೂರನೆಯದರ ಜಾತಿ ಯಾವುದೆಂಬ ಚೀಟಿಯೂ ಅದಕ್ಕಿರಲಿಲ್ಲ.

2023 ಏಪ್ರಿಲಿನಿಂದ ಡಿಸೆಂಬರ್: ಕಡ್ಡಿಯನ್ನು ಬೆಳೆಸಿಕೊಂಡದ್ದು

ಹಟ್ಟಿಯ ಆ ಹಿರಿಯ ಅಜ್ಜ ಹೇಳಿಕೊಟ್ಟ ಇನ್ನೊಂದು ವಿಷಯವೇ ಮುಂದಿನ ವರ್ಷದ ಕೆಲಸವನ್ನು ಉಳಿಸಿತು. ಕಸಿಗೆ ಬೇಕಾದದ್ದು ಹಿಂದಿನ ಮಳೆಗಾಲದಲ್ಲಿ ಬೆಳೆದ, ಪೆನ್ಸಿಲ್ ದಪ್ಪದ, ನೇರವಾದ ಎಳೆ ಕಡ್ಡಿ. ಸಾಯುತ್ತಿರುವ ಮರ ಅಂಥ ಕಡ್ಡಿಯನ್ನು ಬಿಡುವುದೇ ಇಲ್ಲ. ಅದು ಬಿಡುವುದು ಗಂಟುಗಂಟಾದ ಹೂಮೊಗ್ಗಿನ ಕುಡಿಗಳನ್ನು. 2023ರಲ್ಲಿ ನಾನು ಕಟ್ಟಿದ ಕಡ್ಡಿಗಳಲ್ಲಿ ಅರ್ಧಕ್ಕೂ ಹೆಚ್ಚು ಅಂಥ ಹಳೆಯ ಗಂಟುಕಡ್ಡಿಗಳೇ. ಆದ್ದರಿಂದ ಕಸಿಗೆ ಒಂದು ವರ್ಷ ಮೊದಲೇ ತಾಯಿಮರವನ್ನು ಅದಕ್ಕೆ ಸಿದ್ಧಮಾಡಬೇಕು.

ಏಪ್ರಿಲ್ 16ರಂದು ತಾಯಿಮರದ ಜೀವವಿರುವ ಮೂರು ಕೊಂಬೆಗಳಲ್ಲಿ ಒಂದನ್ನು ಅರ್ಧಕ್ಕೆ ಕತ್ತರಿಸಿದೆ. ಹೊತ್ತು ಮೀರಿತ್ತು, ಚಳಿಗಾಲದಲ್ಲೇ ಆಗಬೇಕಿದ್ದ ಕೆಲಸ ಅದು. ಆದರೂ ಇನ್ನೊಂದು ವರ್ಷ ಕಾಯುವ ಧೈರ್ಯ ಇರಲಿಲ್ಲ. ಬುಡದಿಂದ ಒಂದು ಮೀಟರು ಆಚೆ ಸುತ್ತಲೂ ತೆಳ್ಳಗೆ ಮಣ್ಣು ಕೆರೆದು 25 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಿ, ಒಣ ಹುಲ್ಲು ಮುಚ್ಚಿದೆ. ಕಾಂಡದ ಕೊಳೆತ ಭಾಗವನ್ನು ಉಳಿಯಿಂದ ಗಟ್ಟಿ ಮರ ಸಿಗುವವರೆಗೆ ಕೆತ್ತಿ ಬೋರ್ಡೊ ಮುಲಾಮು ಹಚ್ಚಿದೆ.

ಮುಲಾಮಿನ ಅಳತೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರು ನೀರು. ನನಗೆ ಬೇಕಾದದ್ದು ಸ್ವಲ್ಪವೇ ಆದ್ದರಿಂದ 100 ಗ್ರಾಂ, 100 ಗ್ರಾಂ, 1 ಲೀಟರಿನಂತೆ ಮಾಡಿಕೊಂಡೆ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧರ್ಧ ನೀರಿಗೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ತೊಳೆದು ಒರೆಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ನನ್ನದರಲ್ಲಿ ಮೊದಲ ಸಲ ಕೆಂಪು ಕೂತಿತು. ಅಂಗಡಿಯಲ್ಲಿ ಬಹಳ ದಿನ ತೆರೆದಿಟ್ಟಿದ್ದ ಸುಣ್ಣ ಅದಾಗಿತ್ತು. ಇನ್ನೂ 30 ಗ್ರಾಂ ಹಾಕಿದ ಮೇಲೆ ಚಾಕು ಬೆಳ್ಳಗೇ ಬಂತು.

ಡಿಸೆಂಬರಿನ ಹೊತ್ತಿಗೆ ಕತ್ತರಿಸಿದ ಕೊಂಬೆಯಿಂದ 60ರಿಂದ 80 ಸೆಂಟಿಮೀಟರು ಉದ್ದದ ಹದಿನೇಳು ಹೊಸ ಚಿಗುರುಗಳು ಎದ್ದಿದ್ದವು.

2024 ಜನವರಿ 3ರಿಂದ 14: ಸಲಕರಣೆ, ಮೇಣ, ಕಡ್ಡಿ

ಈ ಸಲ ಹೊಸದಾಗಿ ಕೊಂಡದ್ದು ಒಂದು ಬದಿ ಮಾತ್ರ ಹರಿತವಿರುವ ಕಸಿ ಚಾಕು, ಮಡಚುವ ಗರಗಸ, ಕಡ್ಡಿ ಕತ್ತರಿಸುವ ಕತ್ತರಿಯಾದ ಸಿಕೇಚರ್, ಹಿಗ್ಗುವ ಕಸಿ ಪಟ್ಟಿ. ಎರಡೂ ಬದಿ ಹೆರೆದ ಅಡುಗೆಮನೆಯ ಚಾಕು ಕಡ್ಡಿಯಲ್ಲಿ ಬಾಗಿದ ಕೊಯ್ತ ಕೊಡುತ್ತದೆ. ಬಾಗಿದ ಕೊಯ್ತ ಮೋಟಿಗೆ ಎರಡು ತುದಿಯಲ್ಲಿ ಮಾತ್ರ ತಾಗಿ ನಡುವೆ ಟೊಳ್ಳು ಉಳಿಸುತ್ತದೆ. ಹೊಸ ಚಾಕುವಿನಲ್ಲಿ ಕೈ ಕೂರಲೆಂದು ಮೂರು ಸಂಜೆ ಪೇರಲ ಕಡ್ಡಿಗಳನ್ನು ಹೆರೆದೆ. ಹೆರೆದ ಮುಖವನ್ನು ಚಾಕುವಿನ ಬೆನ್ನಿಗೆ ಒತ್ತಿ ದೀಪಕ್ಕೆ ಹಿಡಿದಾಗ ನಡುವೆ ಬೆಳಕು ನುಸುಳದಿದ್ದರೆ ಅದು ಸರಿಯಾದ ಕೊಯ್ತ.

ಮೇಣದ ಹಳೆಯ ಅಳತೆ ನಾಲ್ಕು ಪಾಲು ರೋಸಿನ್ (ಪೈನ್ ಮರದ ರಾಳ), ಎರಡು ಪಾಲು ಜೇನುಮೇಣ, ಒಂದು ಪಾಲು ಪ್ರಾಣಿಯ ಕೊಬ್ಬು. ಕೊಬ್ಬಿನ ಬದಲು ಹರಳೆಣ್ಣೆ ಹಾಕಿದೆ. ಪೂರ್ತಿ ಒಂದು ಪಾಲು ಹಾಕಿದಾಗ ಮೇಣ ಗಟ್ಟಿಯಾಗದೆ ಬಿಸಿಲಿಗೆ ಇಳಿಯಿತು; ಅರ್ಧ ಪಾಲಿಗೆ ಇಳಿಸಿದ ಮೇಲೆ ಹದ ಬಂತು. 400 ಗ್ರಾಂ ರೋಸಿನ್, 200 ಗ್ರಾಂ ಜೇನುಮೇಣ, 50 ಗ್ರಾಂ ಹರಳೆಣ್ಣೆ ಇಪ್ಪತ್ತೆರಡು ಮೋಟುಗಳಿಗೆ ಸಾಕಾಗಿ ಮಿಕ್ಕಿತು. ಇದನ್ನು ನೇರ ಉರಿಯ ಮೇಲೆ ಇಡಬಾರದು, ಹೊತ್ತಿಕೊಳ್ಳುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಬೇಕು. ಕುಂಚದಲ್ಲಿ ತೆಗೆದ ಹನಿಯನ್ನು ಕೈಯ ಹಿಂಭಾಗಕ್ಕೆ ತಾಗಿಸಿ, ಚರ್ಮ ತಡೆದುಕೊಂಡರೆ ಮಾತ್ರ ಕಡ್ಡಿಗೆ ಹಚ್ಚಬೇಕು.

ಜನವರಿ 12ರಂದು ತಾಯಿಮರದ ಕಡ್ಡಿಗಳನ್ನು ಕತ್ತರಿಸಿದೆ. ಪ್ರತಿ ಚಿಗುರಿನ ತುದಿಯ ಮೆತ್ತನೆಯ ಭಾಗವನ್ನೂ ಬುಡದ ಕಣ್ಣಿಲ್ಲದ ಭಾಗವನ್ನೂ ಬಿಟ್ಟು ನಡುವಿನ 30 ಸೆಂಟಿಮೀಟರು ಮಾತ್ರ ಇಟ್ಟುಕೊಂಡೆ. ಕೂನೂರಿನ ಪರಿಚಿತರೊಬ್ಬರ ತೋಟದಿಂದ ಕೀಫರ್ ಜಾತಿಯ ನಾಲ್ಕು ಕಡ್ಡಿಗಳೂ ಬಂದವು. ಕೀಫರ್ ಅಮೆರಿಕದ ಫಿಲಡೆಲ್ಫಿಯಾದ ಪೀಟರ್ ಕೀಫರ್ ಎಂಬವರ ತೋಟದಲ್ಲಿ 19ನೆಯ ಶತಮಾನದಲ್ಲಿ ತಾನಾಗಿ ಹುಟ್ಟಿದ ಬೆರಕೆ. ಪೂರ್ವ ಏಷ್ಯಾದ ಮರಳು ಮರಸೇಬಿನ ಗಟ್ಟಿತನವೂ ಯುರೋಪಿನ ಮರಸೇಬಿನ ರುಚಿಯೂ ಅದರಲ್ಲಿ ಬೆರೆತಿವೆ, ನೀಲಗಿರಿಗೆ ಚೆನ್ನಾಗಿ ಒಗ್ಗಿದೆ. ಮರಸೇಬಿನ ಹೆಚ್ಚಿನ ಜಾತಿಗಳು ಬೇರೆ ಜಾತಿಯ ಪರಾಗವಿಲ್ಲದೆ ಸರಿಯಾಗಿ ಕಾಯಿ ಕಟ್ಟುವುದಿಲ್ಲವಾದ್ದರಿಂದ ಒಂದು ಮರವನ್ನು ಅದಕ್ಕಾಗಿ ಮೀಸಲಿಟ್ಟೆ. ಕಡ್ಡಿಗಳನ್ನು ಹಿಂಡಿದ ಒದ್ದೆ ಬಟ್ಟೆ, ಮೇಲೆ ಪ್ಲಾಸ್ಟಿಕ್ ಸುತ್ತಿ, ಹಣ್ಣೆಲ್ಲ ತೆಗೆದ ಫ್ರಿಜ್ಜಿನಲ್ಲಿ ಇಟ್ಟೆ.

2024 ಜನವರಿ 21, 22, 28: ಎರಡನೆಯ ಪ್ರಯತ್ನ

ಮರ 4, 5, 6, 7ಕ್ಕೆ ತಾಯಿಮರದ ಕಡ್ಡಿ. ಮರ 8ಕ್ಕೆ ಕೀಫರ್. ಮರ 9ನ್ನು ನಾಟಿಯಾಗಿಯೇ ಬಿಟ್ಟೆ. ಉಪ್ಪು ಖಾರ ಹಾಕಿ ತಿನ್ನುವ ಮರಸೇಬು ಅದೇ. ಅದನ್ನು ಕಳೆದುಕೊಳ್ಳುವ ಮನಸ್ಸು ನನಗಿರಲಿಲ್ಲ.

ಪ್ರತಿ ಮರದಲ್ಲಿಯೂ ಕಾಲು ಭಾಗದಷ್ಟು ಹಳೆಯ ಕೊಂಬೆಯನ್ನು ಹಾಗೆಯೇ ಉಳಿಸಿದೆವು. ಅಜ್ಜ ಅದನ್ನು ಸಾಕುಕೊಂಬೆ ಎನ್ನುತ್ತಾರೆ. ಕೊಂಬೆಗಳನ್ನು 4ರಿಂದ 6 ಸೆಂಟಿಮೀಟರು ದಪ್ಪವಿರುವ ಕಡೆ, ನೆಲದಿಂದ 1.3ರಿಂದ 1.8 ಮೀಟರು ಎತ್ತರದಲ್ಲಿ, ಸಮತಟ್ಟಾಗಿ ಕೊಯ್ದು, ಗರಗಸದ ಒರಟನ್ನು ಚಾಕುವಿನಿಂದ ನಯಗೊಳಿಸಿದೆವು. 2023ರಲ್ಲಿ ನಾನು ಕೊಯ್ದ ಮೋಟುಗಳು 9ರಿಂದ 11 ಸೆಂಟಿಮೀಟರು ದಪ್ಪವಿದ್ದವು, ಅಷ್ಟು ದೊಡ್ಡ ಗಾಯ ಎರಡು ಕಡ್ಡಿಗಳಿಂದ ಮುಚ್ಚುವಂಥದ್ದಲ್ಲ.

ಒಂದು ಮೋಟಿನ ಕೆಲಸ ಹೀಗೆ. ನಡುವೆ ನೇರವಾಗಿ 5 ಸೆಂಟಿಮೀಟರು ಆಳ ಸೀಳಬೇಕು. ಸೀಳು ಮುಚ್ಚದಂತೆ ನಡುವೆ ಸಣ್ಣ ಮರದ ಬೆಣೆ ಇಡಬೇಕು. ಮೂರು ಕಣ್ಣುಗಳಿರುವ 10 ಸೆಂಟಿಮೀಟರು ಕಡ್ಡಿಯ ಬುಡವನ್ನು ಎರಡೂ ಬದಿ 3.5 ಸೆಂಟಿಮೀಟರು ಉದ್ದ ಹೆರೆಯಬೇಕು. ಹೊರಗೆ ಬರುವ ಅಂಚು ಒಳಗಿನ ಅಂಚಿಗಿಂತ ಕೂದಲೆಳೆಯಷ್ಟು ದಪ್ಪ ಇರಬೇಕು, ಆಗ ಮೋಟು ಕಚ್ಚಿ ಹಿಡಿಯುವುದು ಹಸಿರು ಪದರ ಇರುವ ಕಡೆಯೇ. ಕೆಳಗಿನ ಕಣ್ಣು ಹೊರಮುಖವಾಗಿರಲಿ. ಕಡ್ಡಿಯನ್ನು ಸ್ವಲ್ಪವೇ ಓರೆಯಾಗಿ ಇಟ್ಟರೆ ಎರಡು ಹಸಿರು ಗೆರೆಗಳು ಎಲ್ಲಾದರೂ ಒಂದು ಕಡೆ ದಾಟಿಯೇ ದಾಟುತ್ತವೆ. ಬೆಣೆ ತೆಗೆದು, ಪಟ್ಟಿ ಬಿಗಿದು, ಮೋಟಿನ ತಲೆ, ಸೀಳಿನ ಬದಿ, ಕಡ್ಡಿಯ ಕತ್ತರಿಸಿದ ತುದಿ ಮೂರಕ್ಕೂ ಮೇಣ ಹಚ್ಚಬೇಕು. ಹೆರೆದ ಮುಖಕ್ಕೆ ಬೆರಳು ತಾಗಕೂಡದು. ಹೆರೆದ ಮೇಲೆ ಒಂದು ನಿಮಿಷದೊಳಗೆ ಅದು ಮೋಟಿನೊಳಗೆ ಇರಬೇಕು. ಒಂದೊಂದು ಮೋಟಿಗೆ ನಮಗೆ ಹಿಡಿದ ಹೊತ್ತು ಇಪ್ಪತ್ತೈದು ನಿಮಿಷ.

ಬಿಸಿಲಿಗೆ ತೆರೆದುಕೊಂಡ ಕಾಂಡಗಳಿಗೆಲ್ಲ ಅಂದೇ ಸಂಜೆ ಸುಣ್ಣ ಬಳಿದೆ. ನಾಲ್ಕು ಮರಗಳಲ್ಲಿ ಹದಿನೆಂಟು ಮೋಟು, ಮೂವತ್ತಾರು ಕಡ್ಡಿ. ಕೀಫರಿಗೆ ನಾಲ್ಕು ಮೋಟು, ಎಂಟು ಕಡ್ಡಿ.

ಮಾರ್ಚ್ 15ರ ಲೆಕ್ಕದಲ್ಲಿ ಹದಿನೆಂಟು ಮೋಟುಗಳ ಪೈಕಿ ಹದಿಮೂರರಲ್ಲಿ ಕನಿಷ್ಠ ಒಂದು ಕಡ್ಡಿ ಚಿಗುರಿತ್ತು; ಕಡ್ಡಿಗಳ ಲೆಕ್ಕದಲ್ಲಿ ಮೂವತ್ತಾರಕ್ಕೆ ಇಪ್ಪತ್ತೆರಡು. ಕೀಫರ್ ಎಂಟಕ್ಕೆ ಏಳು. ಸತ್ತವುಗಳಲ್ಲಿ ಹೆಚ್ಚಿನವು 28ರಂದು ಕಟ್ಟಿದವು; ಆ ಮಧ್ಯಾಹ್ನ ಬೀಸುಗಾಳಿ ಇತ್ತು, ನಾನು ನಾಲ್ಕು ನಾಲ್ಕು ಕಡ್ಡಿಗಳನ್ನು ಒಟ್ಟಿಗೆ ಹೆರೆದಿಟ್ಟುಕೊಂಡಿದ್ದೆ. ಒಣಗಲು ಅಷ್ಟೇ ಸಾಕಾಯಿತು.

2024 ಮಾರ್ಚ್ 20: ತಪ್ಪಿದ ಐದು ಮೋಟುಗಳಿಗೆ ತೊಗಟೆಯೊಳಗಿನ ಕಸಿ

ಫ್ರಿಜ್ಜಿನಲ್ಲಿ ಉಳಿಸಿದ್ದ ಕಡ್ಡಿಗಳು ಇನ್ನೂ ಮಲಗಿದ್ದವು. ಮರದಲ್ಲಿ ರಸ ಏರಿ ತೊಗಟೆ ಸುಲಿದು ಬರುವ ಹೊತ್ತು ಇದು. ಸತ್ತ ಮೋಟನ್ನು ಹತ್ತು ಸೆಂಟಿಮೀಟರು ಕೆಳಗೆ ಮತ್ತೆ ಕೊಯ್ದು, ತೊಗಟೆಯನ್ನು ಮೇಲಿನಿಂದ 4 ಸೆಂಟಿಮೀಟರು ಸೀಳಿ, ಚಾಕುವಿನ ಹಿಡಿಯ ತುದಿಯಿಂದ ಮೆಲ್ಲಗೆ ಬಿಡಿಸಿದೆ. ಕಡ್ಡಿಯನ್ನು ಒಂದೇ ಬದಿ ಓರೆಯಾಗಿ ಹೆರೆದು, ಹೆರೆದ ಮುಖ ಮರದ ಕಡೆಗಿರುವಂತೆ ತೊಗಟೆಯೊಳಗೆ ಇಳಿಸಿ, ಸಣ್ಣ ಮೊಳೆಯೊಂದರಿಂದ ಹಿಡಿಸಿ, ಪಟ್ಟಿ ಮತ್ತು ಮೇಣ. ಐದರಲ್ಲಿ ನಾಲ್ಕು ಹಿಡಿದವು. ಹೊಸಬರಿಗೆ ಈ ವಿಧಾನವೇ ಸುಲಭವೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ತೊಗಟೆ ಬಿಡಿಸಿದೊಡನೆ ಹಸಿರು ಪದರ ಅಗಲವಾಗಿ ಎದುರಿಗೇ ಇರುತ್ತದೆ. ಹೀಗೆ ಹದಿನೆಂಟರಲ್ಲಿ ಹದಿನೇಳು ಮೋಟುಗಳು ಬದುಕಿದವು.

2024 ಜೂನಿನಿಂದ ಅಕ್ಟೋಬರ್: ಗಾಳಿ, ಕಾಟಿ, ಪಟ್ಟಿ

ಹೊಸ ಚಿಗುರು ಒಂದು ಮೀಟರಿನಷ್ಟು ಎತ್ತರ ಓಡುತ್ತದೆ, ಆದರೆ ಬೆಸುಗೆ ಇನ್ನೂ ಎಳೆಯದು. ಜೂನ್ 26ರ ರಾತ್ರಿಯ ಗಾಳಿಗೆ ಮೂರು ಕಸಿಗಳು ಬುಡದಲ್ಲೇ ಮುರಿದು ನೇತಾಡಿದವು. ಮರುದಿನವೇ ಇಪ್ಪತ್ತನಾಲ್ಕು ಬಿದಿರು ಗಳ ತರಿಸಿ, ಪ್ರತಿ ಮೋಟಿಗೆ ಒಂದನ್ನು ಎರಡು ಕಡೆ ಕಟ್ಟಿ, ಚಿಗುರನ್ನು ಎಂಟರ ಆಕಾರದ ಸಡಿಲ ಹಗ್ಗದಿಂದ ಗಳಕ್ಕೆ ಹಿಡಿಸಿದೆ. ಇದು ಮೇ ತಿಂಗಳಲ್ಲೇ ಆಗಬೇಕಿದ್ದ ಕೆಲಸ.

ಕಾಟಿಗಳು, ಅಂದರೆ ಕಾಡುಕೋಣಗಳು, ಚಹಾ ತೋಟದ ಕಡೆಯಿಂದ ಇಳಿದು ಬಂದು ಮರಕ್ಕೆ ಮೈ ಉಜ್ಜುತ್ತವೆ. ಅವುಗಳ ದಾರಿಗೆ ಅಡ್ಡವಾಗಿದ್ದ ಮರ 6, 7ರ ಸುತ್ತ ಮಾತ್ರ ಕಂಬ ನೆಟ್ಟು ತಂತಿ ಎಳೆದು, ದಾರಿಯನ್ನು ಅವುಗಳಿಗೇ ಬಿಟ್ಟೆ.

ಮೋಟಿನ ಕೆಳಗೆ ನಾಟಿ ಚಿಗುರುಗಳು ಹಿಂಡಾಗಿ ಏಳುತ್ತವೆ. ಹದಿನೈದು ದಿನಕ್ಕೊಮ್ಮೆ ಕೈಯಿಂದಲೇ ಚಿವುಟಿದೆ. ಮರ 5ರಲ್ಲಿ ಒಂದನ್ನು ಕಸಿಯೆಂದೇ ತಿಳಿದು ಆಗಸ್ಟಿನವರೆಗೆ ಸಾಕಿದೆ. ನಾಟಿ ಮರದ ಎಲೆಯ ಅಂಚಿನಲ್ಲಿ ಮುಳ್ಳಿನಂಥ ಚೂಪು ಹಲ್ಲುಗಳಿವೆ. ತಾಯಿಮರದ ಎಲೆ ಸಣ್ಣದು, ಅಂಚು ನಯ. ಬೆರಳಾಡಿಸಿದರೆ ಕತ್ತಲಲ್ಲೂ ತಿಳಿಯುತ್ತದೆ.

ಈ ವರ್ಷದ ದೊಡ್ಡ ತಪ್ಪು ಪಟ್ಟಿಯದು. ಹಿಗ್ಗುವ ಪಟ್ಟಿ ತಾನೇ ಸಡಿಲವಾಗುತ್ತದೆ ಎಂದು ನಂಬಿ, ಮರ 4ರ ಎತ್ತರದ ಮೋಟಿನ ಪಟ್ಟಿಯನ್ನು ಬಿಚ್ಚದೆ ಬಿಟ್ಟಿದ್ದೆ. ಅದು ಬೆಳೆಯುವ ಕಾಂಡವನ್ನು ಉಂಗುರದಂತೆ ಕಚ್ಚಿ ಒಳಗೆ ಹೂತುಹೋಗಿತ್ತು. ಅಕ್ಟೋಬರಿನ ಮಳೆಗಾಳಿಗೆ ಸರಿಯಾಗಿ ಅಲ್ಲೇ ಮುರಿಯಿತು. ಚಿಗುರು 30 ಸೆಂಟಿಮೀಟರು ದಾಟಿದೊಡನೆ, ಕಡ್ಡಿಯ ಎದುರು ಬದಿಯಲ್ಲಿ ಪಟ್ಟಿಯನ್ನು ಉದ್ದಕ್ಕೆ ಕೊಯ್ದು ಬಿಡಬೇಕು. ಹದಿನೇಳು ಮೋಟುಗಳಲ್ಲಿ ಉಳಿದದ್ದು ಹದಿಮೂರು.

ಮರಸೇಬಿನ ಚಿಗುರು ಆಕಾಶಕ್ಕೇ ನೆಟ್ಟಗೆ ಏರುತ್ತದೆ, ಹಾಗೆ ಏರಿದ ಕೊಂಬೆ ಹೂ ಬಿಡಲು ತಡಮಾಡುತ್ತದೆ. ಸೆಪ್ಟೆಂಬರಿನಲ್ಲಿ, ಕೊಂಬೆ ಇನ್ನೂ ಬಾಗುವಾಗ, ಹಗ್ಗಕ್ಕೆ ಕಲ್ಲು ಕಟ್ಟಿ ನೇತುಹಾಕಿ ಅವನ್ನು ಸುಮಾರು 60 ಡಿಗ್ರಿಗೆ ಇಳಿಸಿದೆ. ಮರ 2ರಲ್ಲಿ ಮೊದಲ ವರ್ಷ ಉಳಿದಿದ್ದ ಎರಡು ಕಸಿಗಳಿಗೂ ಹಾಗೆಯೇ ಮಾಡಿದೆ.

2025 ಜನವರಿಯಿಂದ ಆಗಸ್ಟ್: ಸಾಕುಕೊಂಬೆ, ಹೂ, ಹಣ್ಣು

ಜನವರಿ 19ರಂದು 4, 5, 8ನೆಯ ಮರಗಳ ಸಾಕುಕೊಂಬೆಯನ್ನು ಅರ್ಧ ತೆಗೆದೆ. 6 ಮತ್ತು 7ರ ಕಸಿಗಳು ಇನ್ನೂ ಸಣ್ಣವಾದ್ದರಿಂದ ಮುಟ್ಟಲಿಲ್ಲ. ಒಂದು ಮೋಟಿನಲ್ಲಿ ಎರಡೂ ಕಡ್ಡಿ ಬದುಕಿದ್ದ ಕಡೆ ಬಲವಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಎರಡು ಕಣ್ಣಿಗೆ ಮೋಟು ಮಾಡಿದೆ. ಪೂರ್ತಿ ಕತ್ತರಿಸಿದರೆ ಆ ಬದಿಯ ಗಾಯ ಮುಚ್ಚುವುದಿಲ್ಲ.

ಫೆಬ್ರವರಿ ಕೊನೆಯ ವಾರ ಮರ 2 ಹೂಬಿಟ್ಟಿತು. ಬಿಳಿ ಎಸಳು, ನಡುವೆ ಕೆಂಪು ತಲೆಯ ಕೇಸರಗಳು. ಮರ 9 ಅದೇ ವಾರ ಹೂಬಿಟ್ಟದ್ದು ಅನುಕೂಲವಾಯಿತು, ಏಕೆಂದರೆ ಕೀಫರ್ ಇನ್ನೂ ಹೂ ತೋರಿಸಿರಲಿಲ್ಲ. ಏಪ್ರಿಲಿನಲ್ಲಿ ಗೊಂಚಲಿಗೆ ಒಂದರಂತೆ ಉಳಿಸಿ ಮಿಕ್ಕ ಕಾಯಿಗಳನ್ನು ತೆಗೆದಾಗ ಮರ 2ರಲ್ಲಿ ಒಂಬತ್ತು, ಮರ 5ರಲ್ಲಿ ಎರಡು ಕಾಯಿ ಉಳಿದವು.

ಜುಲೈ 30ರ ರಾತ್ರಿ ಕರಡಿ ಬಂದು ಮರ 2ರ ಮೂರು ಕಾಯಿ ಕಿತ್ತು, ಒಂದು ಸಣ್ಣ ಕೊಂಬೆ ಮುರಿದು ಹೋಯಿತು. ಕಸಿಯ ಬೆಸುಗೆ ಮಾತ್ರ ಅದರ ಭಾರಕ್ಕೆ ಬಿಡಲಿಲ್ಲ. ಆಗಸ್ಟ್ 9ರಂದು ಎರಡೂ ಮರಗಳಲ್ಲಿ ಉಳಿದ ಎಂಟರಲ್ಲಿ ಏಳನ್ನು ಕಿತ್ತೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು ಅಡ್ಡಲಾಗಿ ಎತ್ತಿದಾಗ ತೊಟ್ಟು ಕೊಂಬೆಯಿಂದ ತಾನೇ ಕಳಚಿಕೊಂಡರೆ ಬಲಿತಿದೆ ಎಂದು ಅರ್ಥ. ಆಗ ಅದು ಹಸಿರಾಗಿ ಗಟ್ಟಿಯಾಗಿಯೇ ಇರುತ್ತದೆ. ಎಂಟನೆಯದನ್ನು ಮರದಲ್ಲೇ ಮಾಗಲು ಬಿಟ್ಟು ನೋಡಿದೆ. ಹತ್ತು ದಿನದ ಮೇಲೆ ಹೊರಗೆ ಹಳದಿಯಾಗಿ ಚೆಂದವಾಗಿತ್ತು, ಕೊಯ್ದರೆ ನಡುವೆ ಕಂದಾಗಿ ಕೊಳೆತಿತ್ತು. ಈ ಜಾತಿಯನ್ನು ಮರದಲ್ಲಿ ಮಾಗಿಸಬಾರದು.

ಏಳನ್ನೂ ಒಣಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟೆ. ಆರನೆಯ ದಿನ ತೊಟ್ಟಿನ ಪಕ್ಕದ ಕತ್ತನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಸ್ವಲ್ಪವೇ ಒಳಗೆ ಹೋಯಿತು. ಕೊಯ್ದೊಡನೆ ರಸ ಚಾಕುವಿನ ಹಿಡಿಯವರೆಗೆ ಇಳಿಯಿತು. ಮರಳು ಕಣ ಬೀಜದ ಸುತ್ತ ತೆಳುವಾಗಿ ಮಾತ್ರ ಇತ್ತು. ರುಚಿ ತಾಯಿಮರದ ಹಣ್ಣಿನದೇ, ಸಿಹಿ ಮಾತ್ರ ಕೊಂಚ ಕಡಿಮೆ. ಮೊದಲ ಹಣ್ಣನ್ನು ಅಜ್ಜನವರಿಗೆ ಕೊಟ್ಟೆ. ಅವರು ಸಿಪ್ಪೆ ತೆಗೆಯದೆ ಪೂರ್ತಿ ತಿಂದು, ಬೀಜವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

ಖರ್ಚು

ಕಸಿ ಚಾಕು 650, ಗರಗಸ 780, ಸಿಕೇಚರ್ 1,100, ಅರ್ಧ ಕಿಲೋ ಜೇನುಮೇಣ 400, ಒಂದು ಕಿಲೋ ರೋಸಿನ್ 350, ಕಸಿ ಪಟ್ಟಿ 180, ಮೈಲುತುತ್ತ 320, ಸುಣ್ಣ 60, ಬಿದಿರು 960, ಕಂಬ ಮತ್ತು ತಂತಿ 3,400, ಐದು ಆಳಿನ ಕೂಲಿ ದಿನಕ್ಕೆ 900ರಂತೆ 4,500, ವ್ಯರ್ಥವಾದ ಸಸಿಗಳು 750. ಒಟ್ಟು 13,450 ರೂಪಾಯಿ. ಅಜ್ಜನವರು ತಮ್ಮ ದಿನಗಳಿಗೆ ಹಣ ತೆಗೆದುಕೊಳ್ಳಲಿಲ್ಲ.

2025 ಡಿಸೆಂಬರ್ 7: ಈಗಿನ ಸ್ಥಿತಿ

ಉದ್ದ ಕತ್ತಿನ ಮರಸೇಬು 2, 4, 5, 6, 7ನೆಯ ಮರಗಳ ಮೇಲೆ ಒಟ್ಟು ಹದಿನೈದು ಮೋಟುಗಳಲ್ಲಿ ಬದುಕಿದೆ. ಮರ 6ರ ಒಂದು ಬೆಸುಗೆಯ ಬಳಿ ತೊಗಟೆ ಬಿರಿದು ಅಂಟು ಒಸರುತ್ತಿದೆ. ಕೆತ್ತಿ ಮುಲಾಮು ಹಚ್ಚಿದ್ದೇನೆ, ಉಳಿಯುವ ಭರವಸೆ ಕಡಿಮೆ. ತಾಯಿಮರದಲ್ಲಿ ಈ ಸಲ ಎಲೆಬಿಟ್ಟದ್ದು ಒಂದೇ ಕೊಂಬೆ. ಅದರಲ್ಲಿ ಹನ್ನೆರಡು ಕಡ್ಡಿಗಳಿಗಾಗುವಷ್ಟು ಹೊಸ ಚಿಗುರಿದೆ. ಹಟ್ಟಿಯ ಇಬ್ಬರು ತಮ್ಮ ನಾಟಿ ಮರಗಳಿಗೆಂದು ಕೇಳಿದ್ದಾರೆ. ಜನವರಿ ಎರಡನೆಯ ವಾರ ಕತ್ತರಿಸಿ, ತಲಾ ಆರು ಕಡ್ಡಿ ಕೊಡುವುದೆಂದು ಮಾತಾಗಿದೆ.